ಕಾರು ಕಂಪನಿಗಳ ಮಹಾಪ್ರಭುಗಳಿಗೆ ಹೆಗ್ಗನಹಳ್ಳಿಯಿಂದ ಒಂದು ಬಿನ್ನಹ

ಮಾನ್ಯ ಮಹಾಪ್ರಭುಗಳೇ,

ಹೆಗ್ಗನಹಳ್ಳಿಯ ಶೀಟಿನ ಶೆಡ್ಡೊಂದರಿಂದ ತಮಗೆ ಸಾಷ್ಟಾಂಗ ನಮಸ್ಕಾರ. ತಮ್ಮ ಕಾರಿನೊಳಗೆ ಎಲ್ಲೋ ಕೂತಿರುವ ಹೆಬ್ಬೆರಳು ಗಾತ್ರದ ಬುಷ್ ನಮ್ಮ ಲೇತ್‌ನಿಂದ ಬಂದದ್ದು. ನಡುವೆ ಇಬ್ಬರು ವೆಂಡರ್‌ಗಳಿರುವುದರಿಂದ ತಮಗೆ ನಮ್ಮ ಪರಿಚಯವಿರಲಿಕ್ಕಿಲ್ಲ.

ತಮಗೆ ಕಷ್ಟ ಬಂದಾಗಲೆಲ್ಲ ಸರ್ಕಾರ ಓಡಿ ಬರುತ್ತದೆ, ಸಂತೋಷ. 2019ರಲ್ಲಿ ಮಾರಾಟ ಕುಸಿದಾಗ ಆಗಸ್ಟ್‌ನಲ್ಲೇ ಪರಿಹಾರ ಬಂತು: ಹೊಸ ವಾಹನಗಳಿಗೆ ಶೇ 30ರವರೆಗೆ ಸವಕಳಿ, ಸರ್ಕಾರಿ ಇಲಾಖೆಗಳಿಗೆ ಹೊಸ ವಾಹನ ಕೊಳ್ಳಲು ಅನುಮತಿ. ಆ ವರ್ಷ ತಮ್ಮ ಶೆಡ್ಯೂಲ್ ನಮಗೆ ಒಂದೇ ಫೋನಿನಲ್ಲಿ ನಿಂತಿತ್ತು. ತಿರುವಿ, ಗ್ರೈಂಡ್ ಮಾಡಿ, ಒಂದೊಂದಕ್ಕೂ ಮೈಕ್ರೋಮೀಟರ್ ಹಿಡಿದು, ತುಕ್ಕು ಹಿಡಿಯದಂತೆ ಎಣ್ಣೆ ಸವರಿ ಕ್ರೇಟಿನಲ್ಲಿ ಜೋಡಿಸಿಟ್ಟ ಬುಷ್‌ಗಳು ಅಲ್ಲೇ ಉಳಿದವು. ಆ ಅಳತೆ ತಮ್ಮ ಕಾರಿಗಷ್ಟೇ ಕೂರುವುದು, ಬೇರೆ ಯಾರು ಕೊಂಡಾರು? ಕೊನೆಗೆ ಗುಜರಿಯವನು ಕೆಜಿ ಲೆಕ್ಕದಲ್ಲಿ ತೂಗಿಸಿಕೊಂಡು ಹೋದ. ಎರಡು ಪಾಳಿ ಒಂದಾಯಿತು, ಹುಡುಗರು ಊರಿಗೆ ಬಸ್ಸು ಹತ್ತಿದರು.

2021ರಲ್ಲಿ ಕೇಂದ್ರ ಸರ್ಕಾರ ₹25,938 ಕೋಟಿ ಪ್ರೋತ್ಸಾಹಧನ ಪ್ರಕಟಿಸಿತು. ಬಿಡಿಭಾಗ ಮಾಡುವವರಿಗೂ ಪಾಲಿತ್ತು, ವಾರ್ಷಿಕ ವರಮಾನ ಕನಿಷ್ಠ ₹500 ಕೋಟಿ ಇದ್ದರೆ. ನಮ್ಮ ರಸ್ತೆಯ ಶೆಡ್‌ಗಳನ್ನೆಲ್ಲ ಕೂಡಿಸಿದರೂ ಆ ಅಂಕಿ ಮುಟ್ಟದು.

2025ರ ಸೆಪ್ಟೆಂಬರ್ 22ರಂದು ಸಣ್ಣ ಕಾರಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಅಂದೇ ನಮ್ಮ ಜಾಬ್ ವರ್ಕ್‌ನದು 12ರಿಂದ 18ಕ್ಕೆ ಏರಿತು. ಕಟ್ಟಿದ ತೆರಿಗೆಗೆ ಕ್ರೆಡಿಟ್ ಸಿಗುತ್ತದಲ್ಲ ಎನ್ನುತ್ತೀರಿ. ಸಿಗುತ್ತದೆ, ಮೇಲಿನವರಿಗೆ. ನಾವು ಬಿಲ್ ಹಾಕಿದ ಮರುತಿಂಗಳ 20ಕ್ಕೆ ಕೈಯಿಂದ ಕಟ್ಟುತ್ತೇವೆ, ಪೇಮೆಂಟ್ ಬರುವುದು ಮೂರ್ನಾಲ್ಕು ತಿಂಗಳಿಗೆ. ಅಲ್ಲಿಯವರೆಗೆ ತಮ್ಮಂಥ ದೊಡ್ಡವರಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟ ಭಾಗ್ಯ ನಮ್ಮದು.

ತಮ್ಮನ್ನು ಕೈಬಿಡಿ ಎಂದು ನಾನು ಸರ್ಕಾರಕ್ಕೆ ಹೇಳುವವನಲ್ಲ. ತಾವು ಮುಳುಗಿದರೆ ಮೊದಲು ನೀರು ಕುಡಿಯುವವರು ನಾವೇ. ಆದರೆ ಹಣ ಎಲ್ಲಿಯವರೆಗೆ ಇಳಿಯಬೇಕೆಂದು ಕೇಳುವ ಹಕ್ಕು ನಮಗಿದೆ. ಅಮೆರಿಕ ಸರ್ಕಾರ 2008ರ ಡಿಸೆಂಬರಿನಲ್ಲಿ ಜನರಲ್ ಮೋಟರ್ಸ್ ಮತ್ತು ಕ್ರೈಸ್ಲರ್‌ಗೆ 1,740 ಕೋಟಿ ಡಾಲರ್ ಸಾಲ ಘೋಷಿಸಿತು. ಮೂರು ತಿಂಗಳಲ್ಲೇ, ಬಿಡಿಭಾಗ ಒದಗಿಸುವವರ ಬಾಕಿ ಬಿಲ್‌ಗಳಿಗೆಂದೇ 500 ಕೋಟಿ ಡಾಲರ್‌ವರೆಗೆ ಬೇರೆ ತೆಗೆದಿಟ್ಟಿತು. ನಮ್ಮಲ್ಲಿ 2006ರ ಕಾಯ್ದೆಯೇ ಇದೆ: ಸಣ್ಣ ಉದ್ಯಮಗಳ ಹಣವನ್ನು 45 ದಿನದೊಳಗೆ ಕೊಡಬೇಕು, ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಬಡ್ಡಿ ಕೇಳಿದ ಶೆಡ್ಡಿಗೆ ಮುಂದಿನ ಆರ್ಡರ್ ಬರುವುದಿಲ್ಲವಾದ್ದರಿಂದ ಯಾರೂ ಬಾಯಿ ಬಿಡುವುದಿಲ್ಲ.

ಆದಕಾರಣ ಕೈಮುಗಿದು ಒಂದೇ ಕೋರಿಕೆ. ಮುಂದಿನ ಸಲ ರಿಯಾಯಿತಿ ಕೇಳಲು ದಿಲ್ಲಿಗೆ ಹೋದಾಗ ತಮ್ಮ ಮನವಿಯಲ್ಲಿ ಈ ಷರತ್ತನ್ನು ತಾವೇ ಬರೆಯಿರಿ: ಕಟ್ಟಕಡೆಯ ಶೆಡ್ಡಿನವರೆಗೆ ಬಾಕಿ ತೀರಿದ ಮೇಲೆಯೇ ನಮಗೆ ನೆರವು ಕೊಡಿ.

ತಮ್ಮ ವಿಧೇಯ,
ಜಾಬ್ ವರ್ಕ್ ಮಾಡುವವನು, ಹೆಗ್ಗನಹಳ್ಳಿ