ಒಲೆ ಬಂತು, ಹೊಗೆಗೆ ದಾರಿ ಯಾವ ಕಡೆ?

ಏನ್ ಭಾವ, ನಿನ್ನೆ ಸಂಜೆ ಹಾಸನದ ಪಿಕಪ್ಪಿಂದ ನಾಲ್ಕು ಜನ ಏದುಸಿರು ಬಿಟ್ಕೊಂಡು ಇಳಿಸಿದ್ರಲ್ಲ, ಅದು ಬೀಡುಕಬ್ಬಿಣದ ಒಲೆಯಂತೆ? ಗಾಜಿನ ಬಾಗಿಲು ಬೇರೆ! ನಮ್ಮನೆಯವಳು ಬೇಲಿ ಸಂದೀಲಿ ನೋಡಿ ನೋಡಿ, ನಮಗೂ ಒಂದು ಬೇಕು ಅಂತ ಶುರು ಹಚ್ಕೊಂಡಿದ್ದಾಳೆ. ಇರ್ಲಿ, ಒಳ್ಳೇದೇ ಮಾಡಿದ್ರಿ. ಮೃಗಶಿರಾ ಹಿಡಿದ ಮೇಲೆ ನಮ್ಮೂರ ಥಂಡಿಗೆ ಕಂಬಳಿ ಎಲ್ಲಿ ಸಾಕಾಗುತ್ತೆ. ಅಲ್ಲಾ, ಕೊಳವೆ ಯಾವ ಕಡೆಯಿಂದ ತೆಗೀತೀರಿ?

ಕಿಟಕಿ ಗಾಜು ಒಂದು ಬಿಚ್ಚಿ ಅಲ್ಲಿಂದ ಆಚೆಗಾ? ಶಿವ ಶಿವ! ಅದು ಪಡುವಣ ಕಿಟಕಿ. ಆಷಾಢದ ಗಾಳಿ ನೆಟ್ಟಗೆ ಬಂದು ಬಡಿಯೋದೇ ಆ ಗೋಡೆಗೆ. ಹೊಗೆ ಹೊರಗೆ ಹೋಗೋದಿರ್ಲಿ, ಗಾಳಿ ಒಳಗೆ ನುಗ್ಗಿ ಬೂದಿಯನ್ನೆಲ್ಲ ನಿಮ್ಮ ಸೋಫಾ ಮೇಲೆ ಸುರಿಯುತ್ತೆ. ಹೊಗೆ ಮೇಲಕ್ಕೇರೋದು ಬಿಸಿ ಇರೋ ತನಕ. ಕೊಳವೆ ಎತ್ತರ ಇದ್ದಷ್ಟೂ, ಅದರೊಳಗೆ ಬಿಸಿ ನಿಂತಷ್ಟೂ ಎಳೆತ ಜಾಸ್ತಿ. ಆ ಎಳೆತದಿಂದಲೇ ಒಲೆಗೆ ಉಸಿರು. ಗಾಜಿನ ಬಾಗಿಲಿಗೆ ದುಡ್ಡು ಸುರಿದು ಕೊಳವೆ ಹತ್ರ ಚೌಕಾಸಿಗೆ ಕೂತ್ರೆ ಹೇಗೆ ಹೇಳಿ.

ನಮ್ಮ ಕಡೆ ಚಿಮಣಿ ಬೇಕು ಅಂತ ಯಾರಿಗೂ ಅನಿಸಿರಲಿಲ್ಲ, ಅದೂ ನಿಜ. ಹಳೇ ಮನೆ ನೆನಪು ಮಾಡ್ಕೊಳ್ಳಿ. ಅಡಿಗೆ ಮನೆ ಹೊಗೆ ಅಟ್ಟಕ್ಕೇರಿ, ಅಲ್ಲಿ ಒಟ್ಟಿದ ಸೌದೆ ಒಣಗಿಸಿ, ಪಕಾಸಿ ರೀಪಿಗೆ ಹುಳ ಬೀಳದ ಹಾಗೆ ಕರಿ ಬಳಿದು, ನಿಧಾನಕ್ಕೆ ಹಂಚಿನ ಸಂದೀಲಿ ಆಚೆ ಹೋಗ್ತಿತ್ತು. ಇಡೀ ಮಾಡೇ ಚಿಮಣಿ. ಇಲ್ಲಣ ಜೋತು ಬೀಳೋದು, ಅಮ್ಮಂದಿರ ಕಣ್ಣು ಕೆಂಪಗಿರೋದು, ರಾತ್ರಿಯೆಲ್ಲ ಕೆಮ್ಮೋದು, ಅದೆಲ್ಲ ಯಾರ ಲೆಕ್ಕಕ್ಕೂ ಬರಲಿಲ್ಲ ಬಿಡಿ. 1850ರ ದಶಕದಲ್ಲಿ ಮಂಜರಾಬಾದಿಗೆ ಬಂದು ಕಾಫಿ ಹಾಕಿದ ರಾಬರ್ಟ್ ಎಲಿಯಟ್ ಅಂಥವರು ಕಾಲಿಟ್ಟ ಮೇಲೆ ಬಂಗಲೆಗಳಲ್ಲಿ ಇಟ್ಟಿಗೆ ಚಿಮಣಿ ಎದ್ದಿದ್ದು ಹೌದು, ಆದ್ರೆ ಅದು ದೊರೆಗಳ ಮಾತು. ನಮ್ಮಂಥವರ ಅಡಿಗೆ ಮನೆಗೆ ಕೊಳವೆ ಹೊಕ್ಕಿದ್ದು ಅಸ್ತ್ರ ಒಲೆ ಜೊತೆಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಕಟ್ಟಿದ 'ಅಸ್ತ್ರ' ತಂಡದವರ ಮೂರು ಪಾತ್ರೆ ಒಲೆ ಅದು. ಒಂದೇ ಬೆಂಕಿ, ಮೂರು ಪಾತ್ರೆ ಅಡಿ ಹಾದು ಹೊಗೆ ಕೊಳವೆ ಹತ್ತೋದು. ಒಲೆ ಚೆನ್ನಾಗೇ ಇತ್ತು ಭಾವ. ಒಳಗಿನ ಮಸಿ ಕೆರೆಯೋಕೆ ಮಾತ್ರ ಯಾರಿಗೂ ಪುರುಸೊತ್ತಿರಲಿಲ್ಲ.

ಈಗ ನಿಮ್ಮ ಮನೆ ನೋಡಿ. ತಾರಸಿ, ಅದರಡಿ ಪಿವಿಸಿ ಸೀಲಿಂಗು, ಗಾಳಿ ಸುಳಿಯದ ಅಲ್ಯುಮಿನಿಯಂ ಕಿಟಕಿ. ಹೊಗೆ ಎಲ್ಲಿಂದ ಹೋಗ್ಬೇಕು? ಒಲೆಗೆ ಗಾಳಿ ಎಲ್ಲಿಂದ ಬರ್ಬೇಕು? ಸಾಲದ್ದಕ್ಕೆ ಅಕ್ಕ ಅಡಿಗೆ ಮನೇಲಿ ಎಕ್ಸಾಸ್ಟ್ ಫ್ಯಾನ್ ಹಾಕಿದ್ರೆ ಅದು ಚಿಮಣಿಯಲ್ಲಿರೋ ಹೊಗೆಯನ್ನೇ ಕೆಳಕ್ಕೆ ಎಳೆಯುತ್ತೆ. ಒಲೆ ಹತ್ರ ಹೊರಗಾಳಿಗೆ ಒಂದು ಕಿಂಡಿ ಬಿಡಿಸಿ. ಚಳಿಗಾಲ ಬಂದ್ರೆ ಪೇಪರಲ್ಲಿ ಓದ್ತೀವಲ್ಲ, ಇದ್ದಿಲ ಕೆಂಡ ಕೋಣೆಯೊಳಗೆ ಇಟ್ಕೊಂಡು ಬಾಗಿಲು ಹಾಕಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ ಅಂತ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಹೊಗೆ ಕಾಣ್ಲೇಬೇಕು ಅಂತಲೂ ಇಲ್ಲ. ಅದನ್ನು ಕಂಡ್ರೆ ಕೂಗೋ ಪುಟ್ಟ ಯಂತ್ರ ಸಿಗುತ್ತೆ, ಒಂದು ತರಿಸಿ ಗೋಡೆಗೆ ಹಾಕಿ.

ಕೊಳವೆ ಒಲೆಯಿಂದ ನೆಟ್ಟಗೆ ಮೇಲಕ್ಕೇ ಹೋಗ್ಲಿ. ಒಲೆ ಬಾಯಿ 6 ಇಂಚು ಇದ್ರೆ ಕೊಳವೆಯೂ ತುದಿ ತನಕ 6 ಇಂಚೇ. ಮನೇಲಿ 4 ಇಂಚಿಂದು ಬಿದ್ದಿದೆ ಅಂತ ಅದನ್ನ ಸಿಕ್ಕಿಸ್ಬೇಡಿ. ಜಿಐ ಬೇಡ, ಜೋರಾಗಿ ಕಾದ್ರೆ ಸತುವಿನ ಹೊಗೆ ಬಿಡುತ್ತೆ. ಒಂಟಿ ತಗಡಿನ ಕೊಳವೆಗೂ ಮರಕ್ಕೂ, ಪರದೆಗೂ, ಆ ಪಿವಿಸಿ ಸೀಲಿಂಗಿಗೂ ಒಂದೂವರೆ ಅಡಿ ದೂರ ಇರ್ಬೇಕು. ತಾರಸಿ ತೂತಿಗೆ ಎರಡು ಪದರದ ಕೊಳವೆ, ಮಧ್ಯೆ ರಾಕ್‌ವುಲ್.

ಜೋಡಣೆ ಒಂದನ್ನ ನೀವೇ ನಿಂತು ನೋಡಿ. ಮೇಲಿನ ತುಂಡು ಕೆಳಗಿನದರ ಒಳಗೆ ಕೂರ್ಬೇಕು. ವೆಲ್ಡಿಂಗ್ ಶಾಪಿನ ಹುಡುಗರು ಮಳೆ ನೀರಿನ ಲೆಕ್ಕ ಹಾಕಿ ಉಲ್ಟಾ ಮಾಡ್ತಾರೆ. ಹಾನ್‌ಬಾಳ್ ಕಡೆ ಒಂದು ಹೋಂಸ್ಟೇಲಿ ನೋಡಿದ್ದೆ. ಬಿಳೀ ಗೋಡೆ ಮೇಲೆ ಮಾಡಿನಿಂದ ನೆಲದ ತನಕ ಕಾಫಿ ಡಿಕಾಕ್ಷನ್ ಸುರಿದ ಹಾಗೆ ಕಂದು ಗೆರೆ, ಹತ್ರ ಹೋದ್ರೆ ಕಮಟು ವಾಸನೆ. ಹೊಗೆ ತಣ್ಣಗಾಗಿ ಟಾರಾಗಿ ಸಂದೀಲಿ ಹೊರಗಿಳಿದಿತ್ತು. ಮೇಲಿನದು ಒಳಗೆ ಕೂತಿದ್ರೆ ಅದು ಕೊಳವೆಯೊಳಗೇ ಇಳಿದು ಒಲೇಲಿ ಉರಿದು ಹೋಗ್ತಿತ್ತು.

ನನಗೆ ನಿಜವಾಗ್ಲೂ ಹೆದರಿಕೆ ನಿಮ್ಮ ತಾರಸಿ ಮೇಲಿಂದು. ಮಳೆಗೆ ಅಂತ ಶೀಟು ಹೊದೆಸಿ, ಅದರಡಿ ಕಾಫಿ ಚೀಲ, ಖಾಲಿ ಗೋಣಿ, ಸೌದೆ ಎಲ್ಲ ಒಟ್ಟಿದೀರಲ್ಲ. ಸಕಲೇಶಪುರ, ಆಲೂರು ಎರಡೂ ಕಡೆ ಮನೆಮನೇಲೂ ಇದೇ ಕಥೆ. ತಾರಸಿ ದಾಟಿತು, ಸಾಕು ಅಂತ ಕೊಳವೆಯನ್ನ ಅಲ್ಲಿಗೇ ನಿಲ್ಲಿಸಿದ್ರೆ ಕಿಡಿ ಹಾರೋದು ಗೋಣಿ ಮೇಲಕ್ಕೆ. ಶೀಟನ್ನೂ ತೂರಿ ಆಚೆ ಹೋಗ್ಲೇಬೇಕು. ತೂರಿದ ಜಾಗದಿಂದ 3 ಅಡಿ ಎತ್ತರ, ಸುತ್ತ 10 ಅಡಿಯೊಳಗೆ ಇರೋ ಯಾವುದೇ ಕೋಡಿಗಿಂತ 2 ಅಡಿ ಎತ್ತರ. ಇಲ್ದಿದ್ರೆ ಗಾಳಿ ಕೋಡು ಹತ್ತಿ ಇಳಿಯುವಾಗ ಹೊಗೆನೂ ಒಳಗೆ ತಳ್ಳುತ್ತೆ. ತುದಿಗೆ ಟೋಪಿ, ಬುಡಕ್ಕೆ ಮಸಿ ತೆಗೆಯೋಕೆ ಬಿಚ್ಚೋ ಮುಚ್ಚಳ.

ಸೌದೆಗೇನು, ತೋಟ ಇದೆ ಅಂತೀರಾ? ನಿಮ್ಮ ಸಿಲ್ವರ್ ಓಕು ಕಡಿದು ಇನ್ನೂ ತಿಂಗಳಾಗಿಲ್ಲ. ಹಸಿ ಮರದಲ್ಲಿ ಹೆಚ್ಚುಕಮ್ಮಿ ಅರ್ಧ ತೂಕ ನೀರೇ. ಅದನ್ನ ತುಂಬಿ, ರಾತ್ರಿಯೆಲ್ಲ ಉರೀಲಿ ಅಂತ ಗಾಳಿ ಕಿಂಡಿ ಮುಚ್ಚಿ ಮಲಗಿದ್ರೆ ಕೊಳವೆಯೊಳಗೆ ಟಾರು ಹತ್ತುತ್ತಾ ಹೋಗುತ್ತೆ. ಒಂದು ದಿನ ಆ ಟಾರಿಗೇ ಬೆಂಕಿ ಹಿಡಿದ್ರೆ ಕೊಳವೆ ಗುಡುಗುಡು ಅಂತ ಕೆಂಪಗಾಗುತ್ತೆ. ಈ ವರ್ಷಕ್ಕೆ ನಮ್ಮ ಕೊಟ್ಟಿಗೇಲಿ ಹೋದ ವರ್ಷ ಕಿತ್ತ ಕಾಫಿ ಬೊಡ್ಡೆ ಇವೆ, ಒಂದು ಗಾಡಿ ಹೊಡ್ಕೊಳ್ಳಿ. ಓಕು ಬರೋ ವರ್ಷಕ್ಕಿರ್ಲಿ. ಮಳೆ ಹಿಡಿಯೋ ಮುಂಚೆ ಒಂದ್ಸಲ, ಪುಷ್ಯದ ಹೊತ್ತಿಗೆ ಇನ್ನೊಂದ್ಸಲ ಬಿದಿರುಗಳಕ್ಕೆ ಬ್ರಷ್ ಕಟ್ಟಿ ಕೊಳವೆ ಉಜ್ಜಿಸಿ.

ಗಾರೆಯವನು ನಾಳೆ ಬರ್ತಾನಾ? ತಾರಸಿ ಕೊರೆಯೋ ಮುಂಚೆ ಒಂದು ಕೂಗು ಹಾಕಿ ಭಾವ, ಕೊರೆದ ಮೇಲಲ್ಲ. ಅಳತೆ ಟೇಪು ನನ್ನ ಹತ್ರ ಇದೆ. ಏಣಿ ಮಾತ್ರ ನಿಮ್ಮಲ್ಲೇ ಇದೆ, ಹೋದ ಮಳೆಗಾಲಕ್ಕೆ ಇಸ್ಕೊಂಡು ಹೋದದ್ದು.