ಹಲ್ಲಿ ಬಿದ್ದ ಫಲ

ಭೋಸರಿಯ ನಮ್ಮ ಬಾಡಿಗೆ ಮನೆಯಲ್ಲಿ ಬಲ್ಬು ಬದಲಿಸಲು ಸ್ಟೂಲು ಹತ್ತಿದ್ದೆ. ಸೂರಿನಿಂದ ಹಲ್ಲಿಯೊಂದು ಪಟ್ಟೆಂದು ನನ್ನ ಬಲಭುಜಕ್ಕೆ ಬಿದ್ದು, ನೆಲಕ್ಕೆ ಹಾರಿ, ಬಾಲ ಕುಣಿಸುತ್ತ ಕಪಾಟಿನ ಹಿಂದೆ ಸರಿಯಿತು. ಬೆಚ್ಚಿದ ನಾನೂ ಬಿದ್ದೆ, ಎಂಐಡಿಸಿ ಕೈಗಾರಿಕಾ ಪ್ರದೇಶದ ಪ್ರೆಸ್ ಮಷಿನ್ನೇ ನಾಚುವಷ್ಟು ಸದ್ದಿನೊಂದಿಗೆ. ವಿಜಯಪುರದಿಂದ ಬಂದಿದ್ದ ಅತ್ತೆ ಪಂಚಾಂಗ ಬಿಚ್ಚಿದರು: "ಏಳಬ್ಯಾಡ್ರಿ, ಬಲಭುಜಕ್ಕ ಬಿದ್ರ ಏನ್ ಫಲ ನೋಡ್ತೀನಿ." ಹಲ್ಲಿ ಬಿದ್ದರೆ ಏನಾಗುತ್ತದೆಂದು ಅಂಗಾಂಗವಾರು ಹೇಳುವ ಪಂಚಾಂಗ, ಅಳಿಯ ಬಿದ್ದರೆ ಏನೆಂಬುದನ್ನು ಮೂಳೆ ಡಾಕ್ಟರಿಗೇ ಬಿಟ್ಟಿದೆ.

ಹಲ್ಲಿಗೇಕೆ ಏನೂ ಆಗಲಿಲ್ಲ? 1957ರಲ್ಲಿ ಭಾರತಕ್ಕೆ ಬಂದು ನೆಲೆಸಿದ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1926ರಲ್ಲೇ ಇದರ ಲೆಕ್ಕ ಬಿಡಿಸಿಟ್ಟಿದ್ದರು. ಪ್ರಾಣಿಯ ಉದ್ದ, ಅಗಲ, ಎತ್ತರ ಹತ್ತರಲ್ಲೊಂದಾದರೆ ತೂಕ ಸಾವಿರದಲ್ಲೊಂದಾಗುತ್ತದೆ. ಗಾಳಿಗೆ ಒಡ್ಡುವ ಮೈ ಮಾತ್ರ ನೂರರಲ್ಲೊಂದು. ಹಾಗಾಗಿ ತೂಕಕ್ಕೆ ಹೋಲಿಸಿದರೆ ಗಾಳಿಯ ತಡೆ ಹತ್ತು ಪಟ್ಟು. ಇರುವೆ ಎಷ್ಟನೇ ಮಹಡಿಯಿಂದ ಬಿದ್ದರೂ ಒಂದು ಮಿತಿಯಾಚೆ ಅದರ ವೇಗ ಏರುವುದೇ ಇಲ್ಲ. ಸೂರಿನಷ್ಟು ಎತ್ತರದಲ್ಲಿ ಗಾಳಿ ಅಷ್ಟೇನೂ ನೆರವಾಗದು, ನಿಜ. ಅಲ್ಲಿ ಹಗುರ ಮೈಯೇ ಕಾಯುತ್ತದೆ.

ಇಷ್ಟೆಲ್ಲ ಸೊಂಟಕ್ಕೆ ಮುಲಾಮು ಹಚ್ಚಿಸಿಕೊಳ್ಳುತ್ತಲೇ ಹೆಂಡತಿಗೆ ವಿವರಿಸಿದೆ. "ಹಂಗಾದ್ರ ವಡಾಪಾವ್ ಬಿಡ್ರಿ," ಎಂದಳು, "ಮುಂದಿನ ಸಲ ತೇಲಿಕೋತ ಇಳೀತೀರಿ."