ಕಿವಿಗೂದಲ ಪುರಾಣ

ನಮ್ಮನೆಯವರ ತಲೆ ಬಿಟ್ಟುಹೋದ ಕೂದಲೆಲ್ಲ ಎಲ್ಲಿ ಸೇರಿಕೊಂಡಿತು ಅಂತ ಬಹಳ ದಿನ ತಲೆಕೆಡಿಸಿಕೊಂಡಿದ್ದೆ. ಸಿಕ್ಕಿತು, ಕಿವಿಯಲ್ಲಿದೆ. 2015ರ ಡಿಸೆಂಬರಿನ ಮಳೆಗೆ ಚೆನ್ನೈನ ವೇಲಚೇರಿಯಲ್ಲಿ ನಮ್ಮ ಗ್ಯಾಸ್ ಸಿಲಿಂಡರೇ ತೇಲಿತು, ಆ ಕಿವಿಗೂದಲು ಮಾತ್ರ ಅಲುಗಾಡಲಿಲ್ಲ.

ಹೀಗಾಗಿ ನೂರಡಿ ರಸ್ತೆಯಲ್ಲಿ 'ಲೇಸರ್' ಅನ್ನೋ ಬೋರ್ಡು ಕಂಡರೆ ನಾನು ನಿಲ್ಲುತ್ತೇನೆ, ಅವರು ಓಡುತ್ತಾರೆ. ಮೊನ್ನೆ ಚರ್ಮದ ಡಾಕ್ಟರಾಗಿರುವ ತಂಗಿ ಮಗಳು ಬಂದಿದ್ದಳು. "ಯಾವ ಲೇಸರ್ ಚೆನ್ನಾಗಿದೆ ಹೇಳೇ" ಅಂದೆ.

"ದೊಡ್ಡಮ್ಮ, ಸೀರೆ ಅಂಗಡೀಲಿ ಕೇಳಿದ ಹಾಗೆ ಕೇಳ್ತೀರಲ್ಲ!"

ಆಮೇಲೆ ಶುರುವಾಯಿತು ಪಾಠ. ಲೇಸರಿಗೆ ಕೂದಲು ಅಂದರೇನು ಅಂತಲೇ ಗೊತ್ತಿಲ್ಲವಂತೆ. ಗೊತ್ತಿರೋದು ಕಪ್ಪು ಒಂದೇ. ಕೂದಲಿನ ಮೆಲನಿನ್ ಬೆಳಕನ್ನು ಕುಡಿದು ಕಾಯುತ್ತದೆ, ಆ ಕಾವಿಗೆ ಬುಡ ಬೇಯುತ್ತದೆ. ಬೆಳ್ಳನೆ ತೊಗಲು, ಕರಿ ಕೂದಲು ಇದ್ದವರಿಗೆ ಸಲೀಸು. ನಮ್ಮ ತೊಗಲಲ್ಲೂ ಅದೇ ಮೆಲನಿನ್ ತುಂಬಿರುವಾಗ, ಸುಡಬೇಕಾದ್ದು ಕೂದಲನ್ನೋ ಯಜಮಾನರನ್ನೋ ಅನ್ನುವ ಗೊಂದಲ ಅದಕ್ಕೆ! ಹಳೇ ರೂಬಿ ಲೇಸರಿನ ಅಲೆ 694 ನ್ಯಾನೋಮೀಟರ್, ಅಲೆಕ್ಸಾಂಡ್ರೈಟಿನದು 755. ಎರಡೂ ಕಪ್ಪು ಕಂಡರೆ ಬಾಯಿಬಿಡುವ ಜಾತಿ. 1064ರ ಎನ್‌ಡಿ-ಯಾಗ್ ಹಾಗಲ್ಲ, ಮೇಲಿನ ಬಣ್ಣವನ್ನು ಕಂಡೂ ಕಾಣದ ಹಾಗೆ ದಾಟಿ ಆಳಕ್ಕಿಳಿಯುತ್ತದೆ. ಕಪ್ಪು ತೊಗಲಿಗೆ ಅದೇ ಕ್ಷೇಮ. ಆದರೆ ನೋವು ಜಾಸ್ತಿ, ಎಳೆ ತೆಳುವಾಗಿದ್ದರೆ ಅದಕ್ಕೆ ಹಿಡಿತವೂ ಸಾಲದು. ನಡುವಿನ ಡಯೋಡ್, 800ರ ಆಸುಪಾಸಿನದು, ಪಳಗಿದ ಕೈಯಲ್ಲಿದ್ದರೆ ನಮ್ಮ ಬಣ್ಣಕ್ಕೂ ಹೊಂದುತ್ತದೆ. ಐಪಿಎಲ್ ಅಂತೂ ಲೇಸರೇ ಅಲ್ಲವಂತೆ, ಹಲವು ಅಲೆಗಳ ಬೆಳಕಿನ ಝಳಪು. ನಾನು ಚೆಪಾಕ್ ಮ್ಯಾಚಿನ ಮಾತು ಅಂದುಕೊಂಡಿದ್ದೆ, ಬಿಡಿ.

"ಒಂದೇ ಸಲಕ್ಕೆ ಹೋಗುತ್ತಾ?"

"ಎಲ್ಲಿ! ಆ ಹೊತ್ತಿಗೆ ಬೆಳೀತಿರೋ ಕೂದಲಿಗೆ ಮಾತ್ರ ನಾಟೋದು. ಉಳಿದವು ನಿದ್ದೆಯಲ್ಲಿರ್ತವೆ. ವಾರಗಟ್ಟಲೆ ಬಿಟ್ಟು ಬಿಟ್ಟು ಆರೆಂಟು ಸಲ ಬರಬೇಕು. ನಡುವೆ ವ್ಯಾಕ್ಸಿಂಗ್ ಮಾಡಿಸಿ ಬುಡ ಕಿತ್ತರೆ ಲೇಸರಿಗೆ ಕೆಲಸವೇ ಇಲ್ಲ. ಬೋಳಿಸಬಹುದು ಅಷ್ಟೆ. ಕೊನೆಗೂ ಕಡಿಮೆ ಆಗುತ್ತೆ, ನಿರ್ನಾಮ ಅಂತ ನಾನು ಬರೆದುಕೊಡಲ್ಲ."

ಇಷ್ಟೆಲ್ಲ ಆದಮೇಲೂ ನಾನು ಹಟ ಬಿಡಲಿಲ್ಲ. ಪೇಪರಿನ ಹಿಂದೆ ಅಡಗಿದ್ದವರನ್ನು ಎಳೆತಂದು ಕೂರಿಸಿದೆ. ಅವಳು ಮೊಬೈಲ್ ಟಾರ್ಚ್ ಹಾಕಿ ಕಿವಿಯೊಳಗೆ ಇಣುಕಿದಳು.

"ದೊಡ್ಡಪ್ಪ, ಪೂರ್ತಿ ನರೆತುಬಿಟ್ಟಿದೆಯಲ್ಲ! ಬಿಳಿ ಕೂದಲು ಯಾವ ಲೇಸರಿಗೂ ಜಗ್ಗಲ್ಲ."

ಅವರು ಕುಸ್ತಿ ಗೆದ್ದ ಪೈಲ್ವಾನರ ಹಾಗೆ ಎರಡೂ ಕಿವಿ ಸವರಿಕೊಂಡರು. ನಾನು ಒಳಗೆ ಹೋಗಿ ಕತ್ತರಿ ತಂದೆ.